ಇನ್ವರ್ಟರ್ ಬಂದ ಮೇಲೆ ನಿಧಾನವಾದ ಕಂಪ್ಯೂಟರ್: ಸುಂಟಿಕೊಪ್ಪ ಕಡೆಯ ಒಂದು ತೋಟದ ಆಫೀಸಿನ ಪ್ರಕರಣ

ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ಒಂದು ಕಾಫಿ ತೋಟ. ಅದರ ಆಫೀಸಿನಲ್ಲಿ ಇರುವುದು ಒಂದೇ ಕಂಪ್ಯೂಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಕೂಲಿ ಬಟವಾಡೆ, ಮಳೆ ಲೆಕ್ಕ, ಹೋಂಸ್ಟೇ ಬುಕಿಂಗ್ ಎಲ್ಲವೂ ಅದರಲ್ಲೇ. ನೋಡಿಕೊಳ್ಳುವವರು ತೋಟದ ರೈಟರ್, ಅಂದರೆ ಗುಮಾಸ್ತರು. ಯಂತ್ರ ತೀರಾ ಹಳೆಯದೇನಲ್ಲ. ಇಂಟೆಲ್ ಐ3 8100 ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಮದರ್‌ಬೋರ್ಡ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಂದು ಹಾರ್ಡ್ ಡಿಸ್ಕ್. ಕೊಂಡಾಗ 4 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇದ್ದವು. ರ‍್ಯಾಮ್ ಅಂದರೆ ಓಡುತ್ತಿರುವ ಪ್ರೋಗ್ರಾಂಗಳು ಕೆಲಸಕ್ಕೆ ಬಳಸುವ ಮೆಮೊರಿ.

ದೂರು ಕೇಳೋಕೆ ವಿಚಿತ್ರವಾಗಿತ್ತು. ಮಳೆಗಾಲದಲ್ಲಿ ಕಂಪ್ಯೂಟರ್ ಚೆನ್ನಾಗೇ ಓಡುತ್ತಿತ್ತಂತೆ. ಕೊಯ್ಲಿಗೆ ಮುಂಚೆ ಆಫೀಸಿಗೆ ಇನ್ವರ್ಟರ್ ಹಾಕಿಸಿದರು. ಅಲ್ಲಿಂದ ಶುರು. ಒಂದು ವಾರ ಕಳೆಯುವಷ್ಟರಲ್ಲಿ ಎಕ್ಸೆಲ್ ತೆರೆಯೋಕೆ ನಿಮಿಷಗಟ್ಟಲೆ. ಮೌಸ್ ಒತ್ತಿದರೆ ಪರದೆ ಬೆಳ್ಳಗಾಗಿ ನಿಂತುಬಿಡುತ್ತದೆ. ಆಮೇಲೆ ಯಾವತ್ತೋ ಒಂದು ದಿನ ತನ್ನಷ್ಟಕ್ಕೆ ತಾನೇ ಸರಿಯಾಗುತ್ತದೆ, ಮತ್ತೆ ಎಳೆಯೋಕೆ ಶುರು ಮಾಡುತ್ತದೆ. ಇನ್ವರ್ಟರ್ ಕರೆಂಟೇ ಸರಿ ಇಲ್ಲ ಅಂತ ಎಲೆಕ್ಟ್ರಿಷಿಯನ್ ಕರೆಸಿ ವೋಲ್ಟೇಜ್ ನೋಡಿಸಿದ್ದೂ ಆಯಿತು. ಏನೂ ಸಿಗಲಿಲ್ಲ. ಅಂಗಡಿಯವರೊಬ್ಬರು "ರ‍್ಯಾಮ್ ಸಾಲಲ್ಲ" ಅಂದರು. 8 ಜಿಬಿಯ ಹೊಸ ಸ್ಟಿಕ್ ಹಾಕಿಸಿ ಒಟ್ಟು 16 ಮಾಡಿದರು. ಎರಡು ವಾರ ಆರಾಮಾಗಿತ್ತು. ಆಮೇಲೆ ಅದೇ ರಾಗ.

"ಸಾರ್, 16 ಹಾಕಿದರೂ ತುಂಬಿಹೋಗುತ್ತೆ ಅಂದ್ರೆ ಇನ್ನೆಷ್ಟು ಹಾಕಬೇಕು?" ಅಂತ ರೈಟರ್ ಕೇಳಿದರು. ಸಾವ್ಕಾರ್ರು ಆಗಲೇ ಹೊಸ ಕಂಪ್ಯೂಟರ್‌ಗೆ ಕೊಟೇಶನ್ ತರಿಸಿದ್ದರು.

ಆ ಎರಡು ವಾರದ ಆರಾಮವೇ ನನಗೆ ಮೊದಲ ಸುಳಿವು. ಕೆಲಸಕ್ಕೆ ರ‍್ಯಾಮ್ ನಿಜವಾಗಿಯೂ ಸಾಲದಿದ್ದರೆ, ಹೆಚ್ಚು ಹಾಕಿದ ಮೇಲೆ ತೊಂದರೆ ಹೋಗಬೇಕು. ಇಲ್ಲಿ ತೊಂದರೆ ಹೋಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. ಅಂದರೆ ಒಳಗೆ ಏನೋ ಒಂದು ದಿನಾ ಸ್ವಲ್ಪ ಸ್ವಲ್ಪ ಜಾಗ ಹಿಡಿಯುತ್ತಿದೆ, ಬಿಡುತ್ತಿಲ್ಲ. ಜಾಗ ದೊಡ್ಡದಾದರೆ ತುಂಬೋಕೆ ಜಾಸ್ತಿ ದಿನ ಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಂ ಎಷ್ಟು ಬಳಸುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆವು. ಮೆಮೊರಿ 92 ಪರ್ಸೆಂಟ್. ಸಾಮಾನ್ಯವಾಗಿ ಎಲ್ಲರೂ ಇಷ್ಟು ನೋಡಿ ಗಾಬರಿಯಾಗುತ್ತಾರೆ. ಬರೀ ಪರ್ಸೆಂಟ್ ನೋಡಿ ಏನೂ ಹೇಳೋಕಾಗಲ್ಲ. ವಿಂಡೋಸ್ ಖಾಲಿ ರ‍್ಯಾಮನ್ನು ಸುಮ್ನೆ ಬಿಡುವುದಿಲ್ಲ. ಈಗಾಗಲೇ ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಂಡಿರುತ್ತದೆ, ಮತ್ತೆ ಬೇಕಾದಾಗ ಡಿಸ್ಕಿಗೆ ಹೋಗುವುದು ತಪ್ಪಲಿ ಅಂತ. ಇದು ಸ್ಟ್ಯಾಂಡ್‌ಬೈ. ಬೇರೆ ಪ್ರೋಗ್ರಾಂ ಜಾಗ ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ. ಹಾಗಾಗಿ ಮೆಮೊರಿ ಪುಟದಲ್ಲಿ ಅವೈಲಬಲ್ ಅಂತ ಕಾಣುವುದು ಸ್ಟ್ಯಾಂಡ್‌ಬೈ ಮತ್ತು ಫ್ರೀ ಎರಡೂ ಸೇರಿದ ಲೆಕ್ಕ. ಅದು ಕಡಿಮೆಯಾದಾಗ ಮಾತ್ರ ಯೋಚನೆ ಮಾಡಬೇಕು. ಇಲ್ಲಿ ಅವೈಲಬಲ್ 1.3 ಜಿಬಿಗೆ ಇಳಿದಿತ್ತು. ಇನ್ ಯೂಸ್, ಅಂದರೆ ಬಳಕೆಯಲ್ಲಿರುವುದು, 14.6 ಜಿಬಿ.

ಅದರ ಪಕ್ಕದ ಕಮಿಟೆಡ್ ಅನ್ನುವ ಅಂಕಿಯನ್ನು ಯಾರೂ ನೋಡುವುದಿಲ್ಲ. ನನ್ನ ಪ್ರಕಾರ ಪರ್ಸೆಂಟ್‌ಗಿಂತ ಅದು ಮುಖ್ಯ. ಅಲ್ಲಿ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಪ್ರೋಗ್ರಾಂಗಳಿಗೂ ವಿಂಡೋಸಿಗೂ ಕೊಡುತ್ತೇನೆ ಅಂತ ಮಾತು ಕೊಟ್ಟ ಮೆಮೊರಿ. ಎರಡನೆಯದು ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡೂ ಸೇರಿ ಇರುವ ಮಿತಿ. ಪೇಜ್‌ಫೈಲ್ ಅಂದರೆ ರ‍್ಯಾಮಿನಲ್ಲಿ ಜಾಗ ಸಾಲದಾಗ ತೆಗೆದಿಡೋಕೆ ಡಿಸ್ಕಿನ ಮೇಲೆ ಮಾಡಿಕೊಂಡ ಜಾಗ. ಈ ಯಂತ್ರದಲ್ಲಿ ಮೊದಲನೆಯದು ರ‍್ಯಾಮನ್ನು ದಾಟಿ ಹೋಗಿತ್ತು, ಮತ್ತು ಪೇಜ್‌ಫೈಲ್ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ರ‍್ಯಾಮಿನಿಂದ ಒಂದು ತುಣುಕು ಓದೋಕೆ ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಲಕ್ಷ ಪಟ್ಟು ವ್ಯತ್ಯಾಸ. ಪರದೆ ಬೆಳ್ಳಗಾಗಿ ನಿಲ್ಲುತ್ತಿದ್ದದ್ದು ಇದಕ್ಕೇ. ರಿಸೋರ್ಸ್ ಮಾನಿಟರ್ ತೆರೆದು ಹಾರ್ಡ್ ಫಾಲ್ಟ್ಸ್ (ಬೇಕಾದದ್ದು ರ‍್ಯಾಮಿನಲ್ಲಿ ಸಿಗದೆ ಡಿಸ್ಕಿಗೆ ಹೋದ ಲೆಕ್ಕ) ಗೆರೆ ನೋಡಿದರೆ ಎಕ್ಸೆಲ್ ಮೇಲೆ ಕ್ಲಿಕ್ ಮಾಡಿದಾಗಲೆಲ್ಲ ಮೇಲಕ್ಕೆ ಹಾರುತ್ತಿತ್ತು.

ಹಾಗಾದರೆ ಆ 14.6 ಜಿಬಿ ತಿಂದವರು ಯಾರು? ಪ್ರೋಗ್ರಾಂಗಳ ಪಟ್ಟಿಯನ್ನು ಮೆಮೊರಿ ಪ್ರಕಾರ ಜೋಡಿಸಿ, ಪೆನ್ನು ಹಿಡಿದು ಕೂಡಿದೆವು. ಕ್ರೋಮ್, ಸಿಸಿ ಕ್ಯಾಮೆರಾ ನೋಡುವ ಪ್ರೋಗ್ರಾಂ, ಎಕ್ಸೆಲ್, ಆಂಟಿವೈರಸ್, ಉಳಿದ ಚಿಲ್ಲರೆ. ಎಲ್ಲ ಸೇರಿ 6 ಜಿಬಿ ಮುಟ್ಟಲಿಲ್ಲ. ಈ ಕೂಡಿಕೆ ಯಾವತ್ತೂ ಪೂರ್ತಿ ತಾಳೆಯಾಗುವುದಿಲ್ಲ. ಪ್ರೋಗ್ರಾಂಗಳು ಹಂಚಿಕೊಂಡ ಮೆಮೊರಿ, ವಿಂಡೋಸಿನ ಸ್ವಂತ ಖರ್ಚು, ಕಂಪ್ರೆಸ್ ಮಾಡಿ ಇಟ್ಟದ್ದು ಇವೆಲ್ಲ ಪಟ್ಟಿಯಲ್ಲಿ ಬರುವುದಿಲ್ಲ. ಒಂದೆರಡು ಜಿಬಿ ವ್ಯತ್ಯಾಸ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಟು ಒಂಬತ್ತು ಜಿಬಿಯ ಲೆಕ್ಕವೇ ಸಿಗದಿದ್ದರೆ ಅದು ಪ್ರೋಗ್ರಾಂಗಳ ಕೆಲಸ ಅಲ್ಲ.

ಅದು ಸಿಕ್ಕಿದ್ದು ಮೆಮೊರಿ ಪುಟದ ಕೆಳಗಿನ ಮೂಲೆಯಲ್ಲಿ. ನಾನ್‌ಪೇಜ್ಡ್ ಪೂಲ್: 7.8 ಜಿಬಿ.

ನಾನ್‌ಪೇಜ್ಡ್ ಪೂಲ್ ಅಂದರೆ ವಿಂಡೋಸಿನ ಕರ್ನಲ್ ಮತ್ತು ಡ್ರೈವರ್‌ಗಳು ಬಳಸುವ ಮೆಮೊರಿ. ಕರ್ನಲ್ ಅಂದರೆ ವಿಂಡೋಸಿನ ತಿರುಳು, ಡ್ರೈವರ್ ಅಂದರೆ ಒಂದೊಂದು ಉಪಕರಣವನ್ನು ನಡೆಸುವ ಸಣ್ಣ ತಂತ್ರಾಂಶ. ಅದನ್ನು ಪೇಜ್‌ಫೈಲಿಗೆ ಕಳಿಸುವಂತಿಲ್ಲ. ಯಾವಾಗಲೂ ರ‍್ಯಾಮಿನಲ್ಲೇ ಇರಬೇಕು. ಇಂಥ ಆಫೀಸ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕೆಲವು ನೂರು ಎಂಬಿ ಇರುತ್ತದೆ. ಇಲ್ಲಿ ಅರ್ಧ ರ‍್ಯಾಮ್ ಅದರ ಪಾಲಾಗಿತ್ತು. ಅದು ಜಾಗ ಬಿಡುವುದಿಲ್ಲ, ಆದ್ದರಿಂದ ಎಕ್ಸೆಲ್, ಕ್ರೋಮ್ ಇವೇ ಡಿಸ್ಕಿಗೆ ಹೋಗಿ ಬರಬೇಕು. ಅಂದರೆ ಯಾವುದೋ ಡ್ರೈವರ್ ಮೆಮೊರಿ ಸೋರಿಸುತ್ತಿದೆ.

"ಅದ್ಹೇಗೆ ಸಾರ್? ದಿನಾ ಸಂಜೆ ಶಟ್‌ಡೌನ್ ಮಾಡೇ ಮನೆಗೆ ಹೋಗೋದು" ಅಂದರು ರೈಟರ್. ಸರಿಯಾದ ಪ್ರಶ್ನೆಯೇ. ಆಫ್ ಮಾಡಿದರೆ ರ‍್ಯಾಮಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಅಲ್ವಾ? ಟಾಸ್ಕ್ ಮ್ಯಾನೇಜರ್‌ನಲ್ಲೇ ಸಿಪಿಯು ಪುಟಕ್ಕೆ ಹೋಗಿ ಅಪ್ ಟೈಮ್ ನೋಡಿದೆವು. 19 ದಿನ ಚಿಲ್ಲರೆ. ಹಿಂದಿನ ಸಂಜೆ ಆಫ್ ಮಾಡಿ, ಅವತ್ತು ಬೆಳಿಗ್ಗೆ ಆನ್ ಮಾಡಿದ ಕಂಪ್ಯೂಟರ್ ತಾನು 19 ದಿನದಿಂದ ಓಡುತ್ತಿದ್ದೇನೆ ಅನ್ನುತ್ತಿದೆ!

ಇದು ಫಾಸ್ಟ್ ಸ್ಟಾರ್ಟಪ್‌ನ ಕೆಲಸ. ವಿಂಡೋಸ್ 8ರಿಂದ ಬಂದದ್ದು. ಶಟ್‌ಡೌನ್ ಒತ್ತಿದಾಗ ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ನಾವು ಲಾಗ್‌ಆಫ್ ಆಗುತ್ತೇವೆ. ಕರ್ನಲ್ ಮತ್ತು ಡ್ರೈವರ್‌ಗಳು ಇರುವ ಭಾಗ ಮಾತ್ರ ಮುಚ್ಚುವುದಿಲ್ಲ. ಅದನ್ನು ಇದ್ದ ಹಾಗೇ ಡಿಸ್ಕಿನಲ್ಲಿ ಒಂದು ಫೈಲಿಗೆ ಬರೆದಿಟ್ಟು ಕರೆಂಟ್ ನಿಲ್ಲಿಸುತ್ತದೆ. ಮರುದಿನ ಆನ್ ಮಾಡಿದರೆ ಅದನ್ನೇ ಮತ್ತೆ ರ‍್ಯಾಮಿಗೆ ತುಂಬಿಕೊಂಡು ಬೇಗ ಶುರುವಾಗುತ್ತದೆ. ನಾನ್‌ಪೇಜ್ಡ್ ಪೂಲ್ ಇರುವುದು ಅದೇ ಭಾಗದಲ್ಲಿ. ಹಾಗಾಗಿ ಸೋರಿದ ಮೆಮೊರಿಯೂ ಭದ್ರವಾಗಿ ವಾಪಸ್ ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಹೀಗಾಗುವುದಿಲ್ಲ. ಅದರಲ್ಲಿ ಎಲ್ಲವೂ ಮೊದಲಿನಿಂದ. ಕೇಳಿದರೆ ಉಲ್ಟಾ ಅನಿಸುತ್ತದೆ, ನಿಜ. ಆದರೆ ವಿಂಡೋಸಿನಲ್ಲಿ ಪೂರ್ತಿ ಹೊಸದಾಗಿ ಶುರುವಾಗಬೇಕು ಅಂದರೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್.

ಇನ್ವರ್ಟರ್ ಕಥೆ ಈಗ ಬಿಡಿಸಿಕೊಂಡಿತು. ಕೊಡಗಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬೀಳುವುದು, ಲೈನ್ ಹೋಗುವುದು ಹೇಳಿ ಕೇಳಿ ಆಗುವುದಲ್ಲ. ಇನ್ವರ್ಟರ್ ಇಲ್ಲದ ಕಾಲದಲ್ಲಿ ಕೆಲಸದ ನಡುವೆಯೇ ಕಂಪ್ಯೂಟರ್ ಪಟ್ಟಂತ ಆಫ್ ಆಗುತ್ತಿತ್ತು. ಹಾಗೆ ಆಫ್ ಆದರೆ ಬರೆದಿಡೋಕೆ ಸಮಯವೇ ಇಲ್ಲ. ಮುಂದಿನ ಸಲ ಎಲ್ಲವೂ ಮೊದಲಿನಿಂದಲೇ ಶುರು. ಡಿಸ್ಕಿಗೆ ಅದು ಒಳ್ಳೆಯದಲ್ಲ, ಆದರೆ ಸೋರಿಕೆ ಮಾತ್ರ ಪ್ರತಿ ಸಲ ಸೊನ್ನೆಗೆ ಬರುತ್ತಿತ್ತು. ಇನ್ವರ್ಟರ್ ಬಂತು, ಆಫ್ ಆಗುವುದು ನಿಂತಿತು, ಸೋರಿಕೆ ಕೂಡುತ್ತಾ ಹೋಯಿತು. ನಡುನಡುವೆ ತನ್ನಷ್ಟಕ್ಕೆ ಸರಿಯಾಗುತ್ತಿದ್ದದ್ದು ವಿಂಡೋಸ್ ಅಪ್‌ಡೇಟ್ ಬಂದು ರೀಸ್ಟಾರ್ಟ್ ಆದಾಗ. ಎಲೆಕ್ಟ್ರಿಷಿಯನ್ ಪಾಪ, ಇಲ್ಲದ ತೊಂದರೆ ಹುಡುಕಿದ್ದ.

ಯಾವ ಡ್ರೈವರ್ ಅಂತ ಹಿಡಿಯೋಕೆ ಪೂಲ್‌ಮಾನ್ ಅನ್ನುವ ಮೈಕ್ರೋಸಾಫ್ಟ್‌ನದೇ ಸಣ್ಣ ಸಾಧನ ಇದೆ. ವಿಂಡೋಸ್ ಡ್ರೈವರ್ ಕಿಟ್ ಜೊತೆ ಬರುತ್ತದೆ. ನೋಡೋಕೆ ಕಪ್ಪು ಪರದೆ, ಅಂದಚಂದ ಏನಿಲ್ಲ. ಪ್ರತಿ ಡ್ರೈವರ್ ಮೆಮೊರಿ ತೆಗೆದುಕೊಳ್ಳುವಾಗ ನಾಲ್ಕು ಅಕ್ಷರದ ಒಂದು ಗುರುತು ಹಾಕುತ್ತದೆ. ಪೂಲ್‌ಮಾನ್ ಆ ಗುರುತುಗಳ ಪಟ್ಟಿ ಕೊಡುತ್ತದೆ: ಎಷ್ಟು ಸಲ ತೆಗೆದುಕೊಂಡಿತು, ಎಷ್ಟು ಸಲ ಬಿಟ್ಟಿತು, ಎಷ್ಟು ಬೈಟ್ ಹಿಡಿದಿದೆ. ಬಿ ಕೀಲಿ ಒತ್ತಿದರೆ ಹೆಚ್ಚು ಬೈಟ್ ಹಿಡಿದದ್ದು ಮೇಲೆ ಬರುತ್ತದೆ. ಸರಿ ಇರುವ ಡ್ರೈವರ್‌ನಲ್ಲಿ ತೆಗೆದುಕೊಂಡದ್ದು ಬಿಟ್ಟದ್ದು ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಏರುತ್ತವೆ. ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ತೆಗೆದುಕೊಂಡ ಸಂಖ್ಯೆ ಕಣ್ಣೆದುರೇ ಓಡುತ್ತಿತ್ತು, ಬಿಟ್ಟ ಸಂಖ್ಯೆ ತುಂಬಾ ಹಿಂದೆ ಇತ್ತು. ಆ ನಾಲ್ಕು ಅಕ್ಷರ ಯಾವ ಫೈಲಿನಲ್ಲಿ ಇದೆ ಅಂತ ಡ್ರೈವರ್ ಫೋಲ್ಡರಿನಲ್ಲಿ ಹುಡುಕಿದರೆ ಸಿಕ್ಕಿದ್ದು ವೈಫೈ ಹಿಡಿಯೋಕೆ ಯುಎಸ್‌ಬಿಗೆ ಚುಚ್ಚಿದ್ದ ಡಾಂಗಲ್‌ನ ಡ್ರೈವರ್.

ಆಫೀಸಿಗೂ ಬಂಗಲೆಗೂ ಸ್ವಲ್ಪ ದೂರ. ರೂಟರ್ ಇರುವುದು ಬಂಗಲೆಯಲ್ಲಿ. ಡಾಂಗಲ್ ಜೊತೆ ಬಂದ ಸಿಡಿಯಲ್ಲಿದ್ದ ಡ್ರೈವರನ್ನೇ ಹಾಕಿಕೊಂಡಿದ್ದರು. ಕೊಯ್ಲು ಶುರುವಾಗುವಾಗ ಕಾಫಿ ಒಣಗಿಸುವ ಕಣಕ್ಕೆ ಕ್ಯಾಮೆರಾ ಹಾಕಿಸಿದರು, ಅದೂ ಇನ್ವರ್ಟರ್ ಬಂದ ಹೊತ್ತಿಗೇ. ಕ್ಯಾಮೆರಾದ ವಿಡಿಯೋ ಬೆಳಿಗ್ಗೆಯಿಂದ ಸಂಜೆವರೆಗೆ ಡಾಂಗಲ್ ಮೂಲಕವೇ ಆಫೀಸಿನ ಪರದೆಗೆ ಬರುತ್ತದೆ. ಹಿಂದೆ ದಿನಕ್ಕೆ ನಾಲ್ಕು ಮೇಲ್ ನೋಡುವಾಗ ತೊಟ್ಟಿಕ್ಕುತ್ತಿದ್ದದ್ದು ಈಗ ದಿನಕ್ಕೆ ಸುಮಾರು 400 ಎಂಬಿಯಂತೆ ಸೋರತೊಡಗಿತ್ತು. ಕ್ಯಾಮೆರಾ ಪ್ರೋಗ್ರಾಂ ಮುಚ್ಚಿದೆವು, ಏರುವುದು ಬಹಳ ನಿಧಾನವಾಯಿತು. ಡಾಂಗಲ್ ಕಿತ್ತೆವು, ಪೂರ್ತಿ ನಿಂತಿತು. ಆದರೆ ಆಗಲೇ ಹಿಡಿದ 7.8 ಜಿಬಿ ಮಾತ್ರ ಇಳಿಯಲಿಲ್ಲ. ಅದಕ್ಕೆ ರೀಸ್ಟಾರ್ಟೇ ಬೇಕಾಯಿತು.

ಪರಿಹಾರದ ವಿಷಯದಲ್ಲಿ ಸಾವ್ಕಾರ್ರು ಬಂಗಲೆಯಿಂದ ಆಫೀಸಿಗೆ ಕೇಬಲ್ ಎಳೆಸೋಣ ಅಂದರು. ನಾನು ಬೇಡ ಅಂದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಎರಡು ಕಟ್ಟಡದ ನಡುವೆ ತಾಮ್ರದ ತಂತಿ ಎಳೆದಿಟ್ಟರೆ ರೂಟರ್, ಮದರ್‌ಬೋರ್ಡ್ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿ ಅದು. ಎಳೆಯಲೇಬೇಕಿದ್ದರೆ ಫೈಬರ್ ಎಳೆಸಬಹುದು. ಸದ್ಯಕ್ಕೆ ಸಿಡಿಯ ಡ್ರೈವರ್ ತೆಗೆದು, ಚಿಪ್ ತಯಾರಕರ ಹೊಸ ಡ್ರೈವರ್ ಹಾಕಿದೆವು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆವು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಅದರ ಟಿಕ್ ಇರುತ್ತದೆ.

ಇನ್ನು ಸ್ಟಿಕ್‌ಗಳ ವಿಚಾರ. ಕ್ಯಾಬಿನೆಟ್ ತೆರೆಯುವ ಅಗತ್ಯ ನಿಜವಾಗಿ ಇರಲಿಲ್ಲ. ಆದರೆ 4, 4, 8 ಅಂತ ಮೂರು ಸ್ಟಿಕ್ ಇವೆ ಅಂದಾಗ ಯಾವ ಸ್ಲಾಟಿನಲ್ಲಿ ಯಾವುದು ಕೂತಿದೆ ಅಂತ ನೋಡದೆ ಇರೋಕೆ ಮನಸ್ಸು ಬರಲಿಲ್ಲ. ತೆರೆದರೆ ಒಳಗೆ ದೂಳು, ಹಲ್ಲಿ ಮೊಟ್ಟೆಯ ಸಿಪ್ಪೆ, ಫ್ಯಾನಿನ ಮೇಲೆ ಮಳೆಗಾಲದ ಬೂಷ್ಟಿನ ಕಲೆ. ನಮ್ಮ ಕಡೆ ಇದು ಮಾಮೂಲು.

ಸ್ಲಾಟ್‌ಗಳು ನಾಲ್ಕು ಇದ್ದರೂ ಪ್ರೊಸೆಸರಿಗೆ ಹೋಗುವ ದಾರಿ ಎರಡೇ. ಇವೇ ಚಾನೆಲ್ ಎ, ಚಾನೆಲ್ ಬಿ. ಪ್ರತಿ ಚಾನೆಲ್‌ಗೆ ಎರಡು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಈ ಬೋರ್ಡಿನಲ್ಲಿ ಎ1, ಎ2, ಬಿ1, ಬಿ2. ಒಂದು ಚಾನೆಲ್ 64 ಬಿಟ್ ಅಗಲ, ಅಂದರೆ ಒಂದು ಸಲಕ್ಕೆ 8 ಬೈಟ್. ಈ ಸ್ಟಿಕ್‌ಗಳ ಪೀಳಿಗೆ ಡಿಡಿಆರ್4, ವೇಗ 2400, ಅಂದರೆ ಸೆಕೆಂಡಿಗೆ 240 ಕೋಟಿ ಸಲ. ಗುಣಿಸಿದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 19.2 ಜಿಬಿ, ಎರಡೂ ಸೇರಿದರೆ 38.4. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ. ಹೊಸ 8 ಜಿಬಿ ಸ್ಟಿಕ್ಕಿನ ಚೀಟಿಯಲ್ಲಿ 2666 ಅಂತಿತ್ತು. ಹಳೆಯವು 2400. ಬೇರೆ ಬೇರೆ ವೇಗದವು ಸೇರಿದರೆ ಎಲ್ಲವೂ ನಿಧಾನದ್ದರ ಜೊತೆಗೇ ನಡೆಯಬೇಕು. ಐ3 8100 ಪ್ರೊಸೆಸರಿಗೆ ಇಂಟೆಲ್ ಹೇಳಿರುವ ಮಿತಿಯೂ 2400ಏ. ಹಾಗಾಗಿ ಅದರಲ್ಲಿ ನಷ್ಟ ಏನಿಲ್ಲ.

ಎಡವಟ್ಟು ಜೋಡಣೆಯಲ್ಲಿತ್ತು. ಹಳೆಯ ಎರಡು ಸ್ಟಿಕ್ ಎ2, ಬಿ2ನಲ್ಲಿ ಸರಿಯಾಗೇ ಇದ್ದವು. ಹೊಸ 8 ಜಿಬಿಯನ್ನು ಎ1ಗೆ ಚುಚ್ಚಿದ್ದರು. ಎ ಕಡೆ 12, ಬಿ ಕಡೆ 4. ಇಂಟೆಲ್ ಪ್ರೊಸೆಸರ್‌ಗಳು ಇದನ್ನು ಫ್ಲೆಕ್ಸ್ ಮೋಡ್‌ನಲ್ಲಿ ನಿಭಾಯಿಸುತ್ತವೆ. ಕೊಯ್ಲಿನ ಸಂಜೆ ಕಾಫಿ ಹಣ್ಣು ತೂಗುವಾಗ ಎರಡು ತಕ್ಕಡಿ ಇಟ್ಟು, ಒಂದರ ಮುಂದೆ 12 ಚೀಲ, ಇನ್ನೊಂದರ ಮುಂದೆ 4 ಚೀಲ ಸಾಲು ಹಚ್ಚಿದ ಹಾಗೆ. ಮೊದಲ ನಾಲ್ಕು ನಾಲ್ಕು ಜೊತೆಜೊತೆಯಾಗಿ ಬೇಗ ಮುಗಿಯುತ್ತವೆ. ಉಳಿದ ಎಂಟು ಚೀಲ ಒಂದೇ ತಕ್ಕಡಿಯ ಮುಂದೆ ಕಾಯಬೇಕು, ಇನ್ನೊಂದು ಖಾಲಿ ನಿಂತಿರುತ್ತದೆ. ಇಲ್ಲೂ ಹಾಗೇ: 16ರಲ್ಲಿ 8 ಜಿಬಿಗೆ ಎರಡೂ ಚಾನೆಲ್ ಸಿಗುತ್ತವೆ, ಉಳಿದ 8ಕ್ಕೆ ಒಂದೇ.

ಎರಡೂ ಚಾನೆಲ್ ಬೇಕು ಅಂದರೆ ಎಲ್ಲ ಸ್ಟಿಕ್ ಒಂದೇ ತರ ಇರಬೇಕು ಅಂತ ಜನ ಅಂದುಕೊಂಡಿದ್ದಾರೆ. ಒಂದೇ ತರ ಇದ್ದರೆ ತಕರಾರು ಕಡಿಮೆ, ಅದು ನಿಜ. ಆದರೆ ಬೇಕಾಗಿರುವುದು ಎರಡೂ ಚಾನೆಲ್‌ನ ಒಟ್ಟು ಮೊತ್ತ ಸಮ ಇರುವುದು. 4 ಮತ್ತು 4ನ್ನು ಎ1, ಎ2ಗೆ ಹಾಕಿದೆವು. 8ನ್ನು ಬಿ2ಗೆ. ಎರಡೂ ಕಡೆ 8. ದುಡ್ಡು ಒಂದು ಪೈಸೆ ಖರ್ಚಿಲ್ಲ. ಯಾವ ಸ್ಲಾಟ್ ಯಾವ ಚಾನೆಲ್‌ದು ಅಂತ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಒಂದೊಂದು ಬೋರ್ಡಿನಲ್ಲಿ ಬಣ್ಣದ ಅರ್ಥ ಒಂದೊಂದು ತರ. ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ಅದನ್ನೇ ನಂಬಿ.

ಸ್ಟಿಕ್ ತೆಗೆಯುವ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್‌ನ ಬರಿಯ ಲೋಹ ಮುಟ್ಟಿದೆವು. ಮಳೆಗಾಲದ ತೇವದ ಗಾಳಿಯಲ್ಲಿ ಸ್ಟ್ಯಾಟಿಕ್ ಭಯ ಕಡಿಮೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ, ಅದೂ ಉಣ್ಣೆ ಸ್ವೆಟರ್ ಹಾಕಿಕೊಂಡಾಗ, ಜಾಸ್ತಿ. ಹಳೆಯ ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೇವದಿಂದ ಮಂಕು ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಕೂರಿಸಿದೆವು. ಸ್ಟಿಕ್ಕಿನ ಕೆಳಗಿನ ಕಚ್ಚು ಸರಿಯಾಗಿ ಎದುರುಬದುರು ಬರಬೇಕು. ಎರಡೂ ತುದಿ ಸಮನಾಗಿ ಒತ್ತಿದಾಗ ಟಕ್ ಅಂತ ಕೊಕ್ಕೆ ಬೀಳಬೇಕು. ಬೀಳಲಿಲ್ಲ ಅಂದರೆ ಬಲ ಹಾಕಬಾರದು. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288, ಕಚ್ಚಿನ ಜಾಗವೂ ಬೇರೆ. ಬೇರೆ ಪೀಳಿಗೆಯ ಸ್ಟಿಕ್ ಕೂರುವುದೇ ಇಲ್ಲ. ಆಮೇಲೆ ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಒಂದು ಸುತ್ತು ಓಡಿಸಿದೆವು. ದೋಷ ಇಲ್ಲ.

ಇದರಿಂದ ಆದ ಲಾಭ? ಎಕ್ಸೆಲ್‌ನಲ್ಲಿ ರೈಟರ್‌ಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದೂ ಇಲ್ಲ. ಕಣದ ಕ್ಯಾಮೆರಾಗಳನ್ನು ಒಟ್ಟಿಗೆ ದೊಡ್ಡದಾಗಿ ನೋಡುವಾಗ ಮಾತ್ರ ಚಿತ್ರ ಸ್ವಲ್ಪ ನಯವಾಯಿತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸವೂ ಇದೇ ರ‍್ಯಾಮನ್ನೇ ಬಳಸುತ್ತದೆ, ಅದಕ್ಕೆ. ಹೀಗೆ ಎರಡೂ ಚಾನೆಲ್ ಬಳಸುವಂತೆ, ಅಂದರೆ ಡ್ಯುಯಲ್ ಚಾನೆಲ್ ಮಾಡಿದರೆ ಕಂಪ್ಯೂಟರ್ ಹಾರುತ್ತೆ ಅಂತ ಹೇಳುವವರ ಮಾತನ್ನು ಇಂಥ ಆಫೀಸುಗಳಿಗೆ ಹಚ್ಚಬೇಡಿ. ಅಂದ ಹಾಗೆ, ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ ಶೇರ್ಡ್ ಮೆಮೊರಿ 7.9 ಜಿಬಿ ಅಂತ ಕಂಡು ರೈಟರ್ "ಇದೇ ತಿಂತಿರೋದು ಸಾರ್" ಅಂದಿದ್ದರು. ಅದು ಬೇಕಾದರೆ ಇಲ್ಲಿವರೆಗೆ ತೆಗೆದುಕೊಳ್ಳಬಹುದು ಅನ್ನುವ ಮಿತಿ. ಹಿಡಿದಿಟ್ಟ ಜಾಗ ಅಲ್ಲ.

ರೈಟರ್‌ಗೆ ಅನುಮಾನ ಇದ್ದ ಇನ್ನೊಂದು, ಮಳೆ ಲೆಕ್ಕದ ಎಕ್ಸೆಲ್ ಫೈಲು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ವರ್ಷಗಟ್ಟಲೆ ಬರೆದದ್ದು. ಅದರಲ್ಲೂ ಸ್ವಲ್ಪ ಹುರುಳಿತ್ತು. ಕಂಟ್ರೋಲ್ ಮತ್ತು ಎಂಡ್ ಒತ್ತಿದರೆ ಕರ್ಸರ್ 10,48,576ನೇ ಸಾಲಿಗೆ ಹೋಗಿ ಕೂತಿತು, ಶೀಟಿನ ಕಟ್ಟಕಡೆಯ ಸಾಲು. ಯಾರೋ ಅಲ್ಲಿವರೆಗೂ ಸೂತ್ರ ಎಳೆದು ಬಿಟ್ಟಿದ್ದರು. ಬೇಡದ ಸಾಲುಗಳನ್ನು ಅಳಿಸಿ ಸೇವ್ ಮಾಡಿದ ಮೇಲೆ ಫೈಲು ತೆರೆಯುವ ಸಮಯ ಎದ್ದು ಕಾಣುವಷ್ಟು ಇಳಿಯಿತು. ಅವರದು 32 ಬಿಟ್ ಎಕ್ಸೆಲ್. ರ‍್ಯಾಮ್ ಎಷ್ಟೇ ಇರಲಿ, ಅದು 4 ಜಿಬಿ ದಾಟಿ ಬಳಸಲಾರದು.

ರ‍್ಯಾಮ್ ಕ್ಲೀನರ್ ಅಂತ ಒಂದು ಪ್ರೋಗ್ರಾಂ ಹಾಕಿಕೊಂಡಿದ್ದರು, ಅದನ್ನು ತೆಗೆಸಿದೆ. ಅಂಥವು ಓಡುತ್ತಿರುವ ಪ್ರೋಗ್ರಾಂಗಳನ್ನು ರ‍್ಯಾಮಿನಿಂದ ಹೊರಗೆ ದಬ್ಬಿ ಪರ್ಸೆಂಟ್ ಇಳಿಸಿ ತೋರಿಸುತ್ತವೆ. ಮರುಕ್ಷಣ ಆ ಪ್ರೋಗ್ರಾಂಗಳು ವಾಪಸ್ ಬರಬೇಕು. ನಾನ್‌ಪೇಜ್ಡ್ ಪೂಲನ್ನು ಅವು ಮುಟ್ಟಲೂ ಆಗುವುದಿಲ್ಲ.

ಹೊಸ ಡ್ರೈವರ್ ಹಾಕಿ ಕೆಲವು ವಾರ ಆದ ಮೇಲೆ ನೋಡಿದಾಗ ನಾನ್‌ಪೇಜ್ಡ್ ಪೂಲ್ 400 ಎಂಬಿ ಸುತ್ತಮುತ್ತ ನಿಂತಿತ್ತು. ಎಲ್ಲ ಪ್ರೋಗ್ರಾಂ ತೆರೆದಿದ್ದಾಗ ಇನ್ ಯೂಸ್ 8 ಜಿಬಿ ದಾಟುತ್ತಿರಲಿಲ್ಲ. ಹಾಗಾದರೆ ಹೊಸ ಸ್ಟಿಕ್ಕಿಗೆ ಕೊಟ್ಟ ದುಡ್ಡು ದಂಡವಾ ಅಂತ ಸಾವ್ಕಾರ್ರು ಕೇಳಿದರು. ದಂಡ ಅಲ್ಲ. ಕ್ಯಾಮೆರಾ, ಕ್ರೋಮ್, ಎಕ್ಸೆಲ್ ಮೂರೂ ಒಟ್ಟಿಗೆ ಇರುವ ಯಂತ್ರಕ್ಕೆ 8 ಜಿಬಿ ಇಕ್ಕಟ್ಟೇ. ಆದರೆ ಅದನ್ನು ಹಾಕಿಸಿದ ಕಾರಣ ಬೇರೆ, ಆಗಿದ್ದ ತೊಂದರೆ ಬೇರೆ. ಹೊಸ ಕಂಪ್ಯೂಟರಿನ ಕೊಟೇಶನ್ ಬದಿಗಿಟ್ಟರು. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗ ಇಲ್ಲದ ವೇಗದ ಎಸ್‌ಎಸ್‌ಡಿ ಹಾಕುವುದು ಕಾಫಿ ಮಾರಿದ ಮೇಲೆ ಅಂತ ತೀರ್ಮಾನವಾಯಿತು. ನನ್ನನ್ನು ಕೇಳಿದರೆ ರ‍್ಯಾಮಿಗಿಂತ ಮೊದಲು ಅದನ್ನೇ ಹಾಕಿಸಬೇಕಿತ್ತು.

ದೊಡ್ಡ ವಿಂಡೋಸ್ ಅಪ್‌ಡೇಟ್ ಬಂದಾಗ ಫಾಸ್ಟ್ ಸ್ಟಾರ್ಟಪ್ ಟಿಕ್ ಮತ್ತೆ ಬಂದು ಕೂರುವುದುಂಟು. ರೈಟರ್ ಈಗ ಬಟವಾಡೆ ದಿನ ಬೆಳಿಗ್ಗೆ ಅಪ್ ಟೈಮ್ ನೋಡುತ್ತಾರೆ. ಅದು ಗಂಟೆಯಲ್ಲಿ ಇದ್ದರೆ ಕೆಲಸ ಶುರು, ದಿನದಲ್ಲಿ ಇದ್ದರೆ ಮೊದಲು ರೀಸ್ಟಾರ್ಟ್, ಆಮೇಲೆ ಆ ಟಿಕ್ ತೆಗೆಯುವುದು.